ಎರಡು ಕಾಲಿನ ಸ್ಟ್ಯಾಂಡು

ಮದುವೆಯ ವಿಡಿಯೋ ಹೇಗಿರಬೇಕೆಂದು ಹೇಳುವುದಕ್ಕೆ ಮದುಮಗಳೇ ಸ್ಟುಡಿಯೋಗೆ ಬಂದದ್ದು ಶಾಂತಮೂರ್ತಿಗೆ ಹಿಡಿಸಲಿಲ್ಲ. ಮೂವತ್ತು ವರ್ಷದಿಂದ ಕೊಳ್ಳೇಗಾಲದ ಆ ಅಂಗಡಿಗೆ ಹುಡುಗಿಯ ಅಪ್ಪನೋ ಸೋದರಮಾವನೋ ಬರುತ್ತಿದ್ದರು, ದಿನ ಹೇಳುತ್ತಿದ್ದರು, ಹೋಗುತ್ತಿದ್ದರು. ಹೊನ್ನೂರಿನ ಭವ್ಯಶ್ರೀ ಮಾತ್ರ ಒಬ್ಬಳೇ ಸ್ಕೂಟರಿನಲ್ಲಿ ಬಂದು, ಕುರ್ಚಿ ಎಳೆದುಕೊಂಡು ಕುಳಿತು, ಮೊಬೈಲನ್ನು ಮೇಜಿನ ಮೇಲಿದ್ದ ಆಲ್ಬಮ್ಮಿಗೆ ಒರಗಿಸಿ ನಿಲ್ಲಿಸಿದಳು.

“ನೋಡಿ ಅಂಕಲ್, ನನ್ನ ಅರಿಶಿನ ಎಣ್ಣೆ ಶಾಸ್ತ್ರ ಹಿಂಗೆ ಬರಬೇಕು.”

ಪರದೆಯ ಮೇಲೆ ಮೈಗಂಟಿದ ಬಟ್ಟೆ ತೊಟ್ಟು, ಬೆನ್ನಿಗೆ ಕೆಂಪು ಹೊದಿಕೆ ಕಟ್ಟಿಕೊಂಡ ಒಬ್ಬ ಆಕಾಶದಿಂದ ಇಳಿದ. ಸೇತುವೆ ಕುಸಿಯಿತು. ಜನ ಓಡಿದರು. ಅವರೆಲ್ಲರಿಗಿಂತ ಹೆಚ್ಚಾಗಿ ಕ್ಯಾಮೆರಾ ಓಡುತ್ತಿತ್ತು. ಅದು ಕುಲುಕುತ್ತಿತ್ತು, ವಾಲುತ್ತಿತ್ತು, ಹೀರೋನ ಮುಖ ಚೌಕಟ್ಟಿನಿಂದ ಜಾರಿಹೋಗಿ ಮತ್ತೆ ಸಿಗುತ್ತಿತ್ತು.

“ಇದನ್ನ ನಾನು ತಗದಿದ್ರೆ ನಿಮ್ಮಪ್ಪ ತಂದು ನನ್ನ ಮುಖಕ್ಕೆ ಎಸ್ದು ಓಗ್ತಿದ್ರು ಕಣವ್ವ” ಎಂದ ಶಾಂತಮೂರ್ತಿ.

ಅಂಗಡಿಗೂ ಹಿಂದಿನ ಮನೆಗೂ ನಡುವೆ ಒಂದು ಬಟ್ಟೆಯ ಪರದೆ. ಅದನ್ನು ಭುಜದಿಂದ ಸರಿಸಿಕೊಂಡು, ಟೀ ತಟ್ಟೆ ಹಿಡಿದು ಬಂದ ಅವನ ಹೆಂಡತಿ ಶಿವರತ್ನಮ್ಮ ಮೊಬೈಲಿನ ಮೇಲೆ ಬಾಗಿದಳು.

“ಯಾಕಮ್ಮಿ ಇದು ಇಷ್ಟು ಅಲ್ಲಾಡ್ತದೆ? ಹಿಡಕಂಡಿರೋರ್ಗೆ ಹುಷಾರಿಲ್ವಾ?”

ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತು ಎಡಿಟಿಂಗ್ ಮಾಡುತ್ತಿದ್ದ ಮಧುಶ್ರೀ ನಕ್ಕಳು. “ಬೇಕೂಂತ್ಲೇ ಅಲ್ಲಾಡಿಸ್ತಾರೆ ಆಂಟಿ. ಆಗ ನಾವೂ ಅಲ್ಲೇ ಇದ್ದೀವಿ, ನಾವೂ ಓಡ್ತಿದ್ದೀವಿ ಅನ್ನಿಸ್ತದೆ.”

“ಹಂಗಾದ್ರೆ ಕ್ಯಾಮೆರಾ ಹಿಡಕಂಡು ಓಡ್ತಾ ಇರೋರು ಯಾರು? ಕತೇಲಿ ಅವ್ರೂ ಇರ್ತಾರಾ?”

ಮಧುಶ್ರೀ ಕುರ್ಚಿ ಇತ್ತ ತಿರುಗಿಸಿದಳು. “ಇಲ್ಲ ಆಂಟಿ. ಕತೇಲಿ ಅಲ್ಲಿ ಯಾರೂ ಇರಲ್ಲ.”

ಶಿವರತ್ನಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಬಲಗೈಯನ್ನು ಸೆರಗಿನೊಳಗೆ ಸೇರಿಸಿದಳು. ಲೋಟಗಳಲ್ಲಿ ಅರ್ಧರ್ಧ ಟೀ ಇತ್ತು. ಎಂಟು ತಿಂಗಳಿಂದ ಆ ಮನೆಯಲ್ಲಿ ಯಾವ ಲೋಟವೂ ತುಂಬಿರಲಿಲ್ಲ. ‘ಕಾಫಿಗೂ ಕೈ ಬಿಗಿ ಮಾಡ್ದೆಯೇನವ್ವ’ ಎಂದು ಮಾವ ಸದಾಶಿವಪ್ಪನವರು ಒಮ್ಮೆ ಕೇಳಿದ್ದರು. ಅವಳು ನಕ್ಕಿದ್ದಳು. ಪೂರ್ತಿ ತುಂಬಿಸಿದರೆ ಅಡುಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಚೆಲ್ಲುತ್ತಿತ್ತು. ಅವಳ ಬಲಗೈ ನಡುಗುತ್ತಿತ್ತು.

ಆ ಕೈ ಒಂದು ಕಾಲದಲ್ಲಿ ಮೂರು ತಾಲ್ಲೂಕಿಗೆ ಹೆಸರಾಗಿತ್ತು. ಹೆಸರು ಎಂದರೆ, ಅಂಗಡಿಯ ಬೋರ್ಡಿನ ಮೇಲಿದ್ದದ್ದು ಶಾಂತಮೂರ್ತಿಯ ಹೆಸರು, ಕೈ ಇವಳದ್ದು.

ಶುರುವಾದದ್ದು ಇದೇ ಹೊನ್ನೂರಿನಲ್ಲಿ, ಭವ್ಯಶ್ರೀ ಹುಟ್ಟುವುದಕ್ಕೂ ಮುಂಚೆ. ಭವ್ಯಶ್ರೀಯ ಅಜ್ಜಿ ದೊಡ್ಡಮಾದಮ್ಮ ತಮ್ಮ ಮಗಳು ಯಶೋದ ದೊಡ್ಡವಳಾದಾಗ ಒಸಗೆ ಇಟ್ಟುಕೊಂಡಿದ್ದರು. ವಿಡಿಯೋ ಎಂದರೆ ಊರಿಗೇ ಹೊಸತು. ಹೆಗಲ ಮೇಲೆ ಹೊರುವ ದಪ್ಪ ಕ್ಯಾಮೆರಾ ಶಾಂತಮೂರ್ತಿಯದ್ದು, ಅದರ ಪಕ್ಕದಲ್ಲಿ ಕಣ್ಣು ಕುಕ್ಕುವ ಲೈಟು ಹಿಡಿದು ನಿಲ್ಲುವುದು ಹೊಸದಾಗಿ ಮದುವೆಯಾಗಿ ಬಂದಿದ್ದ ಶಿವರತ್ನಮ್ಮನ ಕೆಲಸ. ಹುಡುಗಿಗೆ ಅರಿಶಿನ ಹಚ್ಚಿ ನೀರು ಹುಯ್ಯುವ ಹೊತ್ತಿಗೆ ದೊಡ್ಡಮಾದಮ್ಮ ಬಾಗಿಲಿಗೆ ಅಡ್ಡ ನಿಂತರು.

“ಗಂಡಸು ಒಳಕ್ಕೆ ಬರಂಗಿಲ್ಲ ಕಣಪ್ಪ. ಅಗೋ, ನಿನ್ನ ಹೆಂಡ್ರು ದೀಪ ಹಿಡಕಂಡು ಗೂಟದಂಗೆ ನಿಂತವ್ಳಲ್ಲ, ಅವಳ ಕೈಗೆ ಕೊಡು ಅದ.”

ಹೊಸ್ತಿಲ ಆಚೆ ನಿಂತೇ ಶಾಂತಮೂರ್ತಿ ಐದು ನಿಮಿಷದಲ್ಲಿ ಕೆಂಪು ಗುಂಡಿ ಯಾವುದು, ನೋಡುವ ತೂತು ಯಾವುದು ಎಂದು ತೋರಿಸಿದ. “ಅಲ್ಲಾಡಿಸಬೇಡ. ಅಷ್ಟೇ. ಏನಾದ್ರೂ ಮಾಡು, ಅಲ್ಲಾಡಿಸಬೇಡ” ಎಂದ.

ಅಲ್ಲಾಡಿಸದಿರುವುದು ಅವಳಿಗೆ ಹೊಸ ವಿದ್ಯೆಯಾಗಿರಲಿಲ್ಲ. ತವರು ಧನಗೆರೆಯಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಗದ್ದೆಯ ಬದುವಿನ ಮೇಲೆ ತುಂಬಿದ ಬಿಂದಿಗೆ ಹೊತ್ತು ನಡೆದವಳು. ಮೊಣಕೈಯನ್ನು ಪಕ್ಕೆಗೆ ಒತ್ತಬೇಕು, ಉಸಿರನ್ನು ಅರ್ಧ ಬಿಟ್ಟು ಹಿಡಿಯಬೇಕು, ಭಾರವನ್ನು ಸೊಂಟಕ್ಕೆ ಇಳಿಸಬೇಕು. ಅವತ್ತೂ ಹಾಗೇ ಮಾಡಿದಳು. ಶಾಂತಮೂರ್ತಿ ಕ್ಯಾಸೆಟ್ಟು ಹಾಕಿ ನೋಡಿದ; ಮುಂದಿನ ಮದುವೆಯಿಂದ ಹೆಂಗಸರ ಕೋಣೆ ಅವಳದ್ದಾಯಿತು. ಬಳೆ ತೊಡಿಸುವುದು, ಅರಿಶಿನ ಎಣ್ಣೆ, ಒಸಗೆ, ಸೀಮಂತ. ಎಳಂದೂರಿನ ಕಡೆ, ಹನೂರಿನ ಕಡೆ ಗಂಡಸರು ಕಾಲಿಡದ ಕೋಣೆಗಳಲ್ಲೆಲ್ಲ ಅವಳು ಓಡಾಡಿದಳು.

“ನಂಗೆ ಎರಡು ಸ್ಟ್ಯಾಂಡವೆ” ಎಂದು ಶಾಂತಮೂರ್ತಿ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ. “ಒಂದು ಮೂರು ಕಾಲಿಂದು, ಮಂಟಪದ ಮುಂದಕ್ಕೆ. ಇನ್ನೊಂದು ಎರಡು ಕಾಲಿಂದು, ಒಳಕ್ಕೆ.” ಗಿರಾಕಿಗಳು ನಗುತ್ತಿದ್ದರು. ಹೊಸ ಕ್ಯಾಮೆರಾ ಬಂದಾಗಲೆಲ್ಲ ಅದು ಅವನಿಗೆ, ಹಳೆಯದು ಅವಳಿಗೆ. ಕೈ ಕುಲುಕಿದರೂ ಚಿತ್ರ ಕುಲುಕದಂತೆ ತಾನೇ ಸರಿಮಾಡಿಕೊಳ್ಳುವ ಕ್ಯಾಮೆರಾ ಬಂದಾಗಲೂ ಹಾಗೇ ಆಯಿತು. “ನಿಂಗ್ಯಾಕೆ ಅದು” ಎಂದಿದ್ದ, ಹೊಗಳಿಕೆಯೆಂದೇ ತಿಳಿದು.

ಮದುವೆಯ ದಿನ ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದಳು. ಮಾವನಿಗೆ ಕಾಫಿ, ಹತ್ತು ಗಂಟೆಯ ಗಂಜಿ, ಮಧ್ಯಾಹ್ನದ ಸಾರು ಎಲ್ಲ ಮುಚ್ಚಿಟ್ಟು, ರಾಗಿ ಹಿಟ್ಟು ತೊಳಸಿ ಮುದ್ದೆ ಕಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟು, ಅಂಗಳ ಸಾರಿಸಿ, ಶಾಂತಮೂರ್ತಿಯ ಅಂಗಿ ಇಸ್ತ್ರಿ ಮಾಡಿ ಹೊರಡುತ್ತಿದ್ದಳು. ಅವನು ಬ್ಯಾಟರಿಗಳನ್ನು ಚಾರ್ಜಿಗೆ ಹಾಕಿ ಹೊರಡುತ್ತಿದ್ದ. ಬಂದ ಮೇಲೆ ಅವನು “ಅಬ್ಬಾ” ಎಂದು ಕಾಲು ಚಾಚುತ್ತಿದ್ದ. ಅವಳಿಗೆ ಪಾತ್ರೆ ಕಾದಿರುತ್ತಿತ್ತು. ಆದರೂ ಆ ಕೋಣೆಗಳಲ್ಲಿ ಕಣ್ಣನ್ನು ಕ್ಯಾಮೆರಾಕ್ಕೆ ಇಟ್ಟು ಉಸಿರು ಹಿಡಿದ ಕ್ಷಣದಲ್ಲಿ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನೀರು ತಾ ಅನ್ನುತ್ತಿರಲಿಲ್ಲ. ಅದಕ್ಕಾಗಿಯೇ ನಾಲ್ಕಕ್ಕೆ ಏಳುವುದು ಅವಳಿಗೆ ಭಾರವಾಗಿರಲಿಲ್ಲ.

ಈಗ ನಡುಕದ ವಿಷಯ ಬಾಯಿಬಿಟ್ಟರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾಮೆರಾ ಬಿಡಿಸುತ್ತಾರೆ. ಒಲೆ ಬಿಡಿಸುವುದಿಲ್ಲ.

ಅವಳು ಮುಚ್ಚಿಟ್ಟಳು. ರಂಗೋಲಿಯ ಎಳೆ ಸೊಟ್ಟಗಾಗತೊಡಗಿದ್ದರಿಂದ ಅಂಗಡಿಯಲ್ಲಿ ಸಿಗುವ ಅಚ್ಚು ತಂದಳು. ಕ್ಯಾಮೆರಾ ಎತ್ತಿದರೆ ಬಲಗೈಯ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುವುದು ಮೈಕಿಗೆ ಬೀಳುತ್ತಿತ್ತು. ಬಳೆಗಳ ಸುತ್ತ ಕರ್ಚೀಫು ಬಿಗಿದಳು. ಶಾಂತಮೂರ್ತಿ ಎರಡು ಸಲ “ಇತ್ತೀಚ್ಗೆ ನಿಂಗೆ ನಿಗಾ ಇಲ್ಲ” ಎಂದು ಬೈದ. ಮೂರನೇ ಸಲ ಏನನ್ನುತ್ತಾನೋ ಎಂದು ಅವಳು ಕಾಯುತ್ತಿರುವಾಗಲೇ ಭವ್ಯಶ್ರೀ ಆಕಾಶದಿಂದ ಇಳಿಯುವ ಹೀರೋನನ್ನು ತಂದು ಮೇಜಿನ ಮೇಲೆ ನಿಲ್ಲಿಸಿದ್ದಳು.

ಶಾಸ್ತ್ರದ ದಿನ ಹೊನ್ನೂರಿನಲ್ಲಿ ಶಿವರತ್ನಮ್ಮ ನಡುಕ ಅಡಗಿಸುವ ಪ್ರಯತ್ನವನ್ನೇ ಮಾಡಲಿಲ್ಲ. ಹೆಂಗಸರು ಅರಿಶಿನದ ಬಟ್ಟಲು ಹಿಡಿದು ಭವ್ಯಶ್ರೀಯನ್ನು ಅಟ್ಟಿಸಿಕೊಂಡು ಹಿತ್ತಿಲ ತೆಂಗಿನ ಮರಗಳ ನಡುವೆ ಓಡಿದರು. ಇವಳೂ ಹಿಂದೆ ಓಡಿದಳು. ಐವತ್ತೆರಡನೇ ವಯಸ್ಸಿನಲ್ಲಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು. ಚಿತ್ರ ಕುಲುಕಿತು, ನಡುಗಿತು, ವಾಲಿತು. ವಿಡಿಯೋ ನೋಡಿದ ಭವ್ಯಶ್ರೀ ಫೋನಿನಲ್ಲಿ, “ಆಂಟಿ, ನೀವು ಆ ಸಿನಿಮಾದವ್ರಿಗಿಂತ ಚೆನ್ನಾಗಿ ಅಲ್ಲಾಡಿಸಿದ್ದೀರ” ಎಂದಳು.

ಅದು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಎರಡು ವಾರದಲ್ಲಿ ಎಳಂದೂರಿನಿಂದ ಇಬ್ಬರು ಬಂದು “ಆ ಅಲ್ಲಾಡೋ ಸ್ಟೈಲೇ ಬೇಕು” ಎಂದರು. ಆಮೇಲೆ ಹನೂರಿನವರು. ಮೂವತ್ತು ವರ್ಷ ಅಲ್ಲಾಡಿಸಬೇಡ ಎಂದ ಶಾಂತಮೂರ್ತಿ ಅಂಗಡಿಯ ಬಾಗಿಲಿಗೆ ‘ಸಿನಿಮಾ ಶೈಲಿಯ ಹ್ಯಾಂಡ್‌ಹೆಲ್ಡ್ ವಿಡಿಯೋ’ ಎಂದು ಹೊಸ ಬ್ಯಾನರ್ ಕಟ್ಟಿದ. ಹೊರಡುವಾಗ, “ಇವತ್ತು ಇನ್ನೊಸಿ ಜಾಸ್ತಿನೇ ಅಲ್ಲಾಡಿಸು” ಎನ್ನುತ್ತಿದ್ದ. ಆ ಕೈ ಯಾಕೆ ಅಲ್ಲಾಡುತ್ತದೆಂದು ಕೇಳಲಿಲ್ಲ.

ಶಿವರತ್ನಮ್ಮನಿಗೆ ಮೊದಮೊದಲು ಇದು ಯಾರೋ ಕೊಟ್ಟ ವರದ ಹಾಗೆ ಕಂಡಿತು. ಕಾಯಿಲೆಗೆ ಶೈಲಿ ಎಂಬ ಹೆಸರು ಸಿಕ್ಕಿತ್ತು. ಹಾಗೇ ಹತ್ತು ವರ್ಷ ಹೋದರೆ ಸಾಕಿತ್ತು. ಹೋದದ್ದು ನಾಲ್ಕು ತಿಂಗಳು.

ಬಂಡಳ್ಳಿಯಲ್ಲಿ ರತ್ನ ಎಂಬಾಕೆಯ ಮಗಳ ಒಸಗೆ. ಕೂಲಿಗೆ ಹೋಗುವ ಮನೆ. ಒಂದೇ ಕೋಣೆ, ಚೊಕ್ಕಟವಾಗಿ ಸಾರಿಸಿದ ನೆಲ. ರತ್ನಳ ಅಜ್ಜಿ ಪುಟ್ಟಗೌರಮ್ಮ ಮೂಲೆಯ ಮಂಚದ ಮೇಲಿದ್ದರು. ತೊಂಬತ್ತು ದಾಟಿತ್ತು. ಮರಿಮಗಳನ್ನು ಮಂಚದ ಹತ್ತಿರ ಕೂರಿಸಿ, ಅಜ್ಜಿಯ ಕೈಯಿಂದ ಅಕ್ಷತೆ ಹಾಕಿಸುವ ಹೊತ್ತಿಗೆ ರತ್ನ ಶಿವರತ್ನಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಅಕ್ಕಾ, ಬೇರೇದು ಎಂಗಾರ ತಗೀರಿ. ಅಜ್ಜಿ ಮೊಕ ಮಾತ್ರ ಅಲ್ಲಾಡಿಸ್ದಂಗೆ ತಗ್ದುಬುಡಿ. ನಮ್ಮತ್ರ ಅಜ್ಜಿದು ಒಂದು ಪಟಾನೂ ಇಲ್ಲ.”

ಶಿವರತ್ನಮ್ಮ ಮೊಣಕೈಯನ್ನು ಪಕ್ಕೆಗೆ ಒತ್ತಿದಳು. ಉಸಿರನ್ನು ಅರ್ಧ ಬಿಟ್ಟು ಹಿಡಿದಳು. ಭಾರವನ್ನು ಸೊಂಟಕ್ಕೆ ಇಳಿಸಿದಳು. ಪುಟ್ಟಗೌರಮ್ಮನ ಮುಖ ಚೌಕಟ್ಟಿನಲ್ಲಿ ನಡುಗಿತು. ಗೋಡೆಗೆ ಒರಗಿ ಹಿಡಿದಳು, ನಡುಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಅದುಮಿದಳು, ಇನ್ನಷ್ಟು ನಡುಗಿತು. “ಆಯ್ತಾ ಅಕ್ಕ?” ಎಂದು ರತ್ನ ಕೇಳಿದಳು. ಅವಳು “ಊಂ” ಎಂದಳು.

ಇಪ್ಪತ್ತು ದಿನದ ಮೇಲೆ ಪುಟ್ಟಗೌರಮ್ಮ ತೀರಿಕೊಂಡರು. ಹನ್ನೊಂದನೇ ದಿನಕ್ಕೆ ಇಡಲು ಒಂದು ಪಟ ಬೇಕೆಂದು ರತ್ನ ಬೆಳಿಗ್ಗೆಯ ಬಸ್ಸಿಗೆ ಕೊಳ್ಳೇಗಾಲಕ್ಕೆ ಬಂದಳು. ಶಾಂತಮೂರ್ತಿ ಹೊರಗೆ ಹೋಗಿದ್ದ. ಮಧುಶ್ರೀ ಆ ತುಣುಕನ್ನು ತೆರೆದು ಒಂದೊಂದೇ ಚಿತ್ರವಾಗಿ ಸರಿಸಿ ನೋಡಿದಳು. ಎಲ್ಲದರಲ್ಲೂ ಮುಖದ ಗೆರೆ ಎರಡೆರಡಾಗಿ ಕಲಸಿಹೋಗಿತ್ತು. ನಡುಕ ತೆಗೆಯುವ ಸಾಫ್ಟ್‌ವೇರಿಗೆ ಹಾಕಿದಳು. ಮುಖ ನೀರಿನೊಳಗೆ ಕಂಡ ಹಾಗೆ ಉಬ್ಬಿ ತಗ್ಗಿತು.

ರತ್ನ ಪರದೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು. ಜಗಳ ಮಾಡಲಿಲ್ಲ. “ನಮ್ಮಜ್ಜಿದು ಕೈ ನಡುಗ್ತಿತ್ತು ಕಣಕ್ಕ” ಎಂದಳು. “ಮೊಕ ನಡುಗ್ತಿರಲಿಲ್ಲ.”

ಅವಳಿಗೆ ಟೀ ಕೊಡಬೇಕೆಂದು ಒಳಗೆ ಹೋದ ಶಿವರತ್ನಮ್ಮನಿಗೆ ಲೋಟ ಎತ್ತಲಾಗಲಿಲ್ಲ. ತಿರುಗಿ ಬಂದು ರತ್ನಳ ಮುಂದೆ ಬಲಗೈ ಚಾಚಿ ಬಳೆಯ ಮೇಲಿನ ಕರ್ಚೀಫನ್ನು ಬಿಚ್ಚಿದಳು. ಬಳೆಗಳು ತಾವಾಗಿಯೇ ಸದ್ದು ಮಾಡಿದವು.

“ಸ್ಟೈಲಲ್ಲ ಕಣವ್ವ. ನಂಗೆ ನಿಲ್ಲಿಸಕ್ಕಾಯ್ತಿಲ್ಲ. ನಿಂಗೆ ಅವತ್ತೇ ಹೇಳಬೇಕಿತ್ತು. ಹೇಳ್ಲಿಲ್ಲ.”

ರತ್ನ ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, “ಇದ್ರಲ್ಲೇ ಒಂದ ಕೊಡಿ. ಅಜ್ಜಿ ಅಂತ ನಮ್ಗೆ ಗೊತ್ತಾಯ್ತದಲ್ಲ” ಎಂದಳು. ಇದ್ದುದರಲ್ಲಿ ಕಡಿಮೆ ಕಲಸಿಹೋದದ್ದನ್ನು ಆರಿಸಿ, ಕಟ್ಟು ಹಾಕಿಸಿ ಕೊಟ್ಟರು. ರತ್ನ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಅವಳು ಹೋದ ಮೇಲೆ ಮಧುಶ್ರೀ ಕಂಪ್ಯೂಟರಿನಿಂದ ಮುಖ ತಿರುಗಿಸದೆ ಹೇಳಿದಳು. “ನಂಗೆ ಒಂದ್ ತಿಂಗಳಿಂದ ಅನುಮಾನ ಆಂಟಿ. ಸಿನಿಮಾದವ್ರು ಅಲ್ಲಾಡಿಸೋದು ಒಂದ್ಸಲ ಜೋರು, ಒಂದ್ಸಲ ಮೆಲ್ಲಗೆ. ನಿಮ್ಮದು ಹೊಲಿಗೆ ಮಿಷನ್ ಥರ, ಒಂದೇ ಸಮ. ಎಣಿಸಿದೆ. ಸೆಕೆಂಡಿಗೆ ಆರು.”

“ಎಣಿಸ್ದೋಳು ಹೇಳ್ಬಾರ್ದಾಗಿತ್ತಾ?”

“ನೀವು ಮುಚ್ಚಿಡ್ತಿದ್ರಿ. ನಾನು ಹೆಂಗೆ ಹೇಳ್ಲಿ.”

ವಾರಕ್ಕೊಂದು ದಿನ ಮೈಸೂರಿನಿಂದ ನರದ ಡಾಕ್ಟರು ಬರುವ ಕ್ಲಿನಿಕ್ಕಿಗೆ ಮಧುಶ್ರೀಯೇ ಜೊತೆಗೆ ಹೋದಳು. ಡಾಕ್ಟರು ಕೈ ಚಾಚಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ನೀರಿನ ಲೋಟ ಎತ್ತಿಸಿದರು. ಹೆದರುವಂಥದ್ದಲ್ಲ, ಆದರೆ ವಾಸಿಯಾಗುವಂಥದ್ದೂ ಅಲ್ಲ ಎಂದರು. ಮಾತ್ರೆಗೆ ಸ್ವಲ್ಪ ತಗ್ಗಬಹುದು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಎಂದು ಕೇಳಿದರು. ಆಗ ಅವಳಿಗೆ ಧನಗೆರೆಯ ಅವ್ವ ಚನ್ನಮಲ್ಲಮ್ಮ ನೆನಪಾದಳು. ಮಜ್ಜಿಗೆ ಬಡಿಸುವಾಗ ಅವ್ವನ ಕೈ ನಡುಗಿ ತಟ್ಟೆಯ ಆಚೆ ಚೆಲ್ಲುತ್ತಿತ್ತು. ‘ನಿಗಾ ಇಲ್ಲ ನಿಂಗೆ’ ಎನ್ನುತ್ತಿದ್ದ ಅಪ್ಪ. ಅದನ್ನು ಯಾರೂ ಕಾಯಿಲೆ ಎಂದಿರಲಿಲ್ಲ. ಸಾಯುವ ಹಿಂದಿನ ವಾರದವರೆಗೂ ಅವಳೇ ಬಡಿಸಿದ್ದಳು.

“ಯಾವಾಗಿಂದ ಶುರುವಾಯ್ತು?” ಎಂದು ಡಾಕ್ಟರು ಕೇಳಿದ್ದಕ್ಕೆ “ಒಂದು ವರ್ಷ” ಎಂದಿದ್ದಳು. ಮರುದಿನ ಮಧ್ಯಾಹ್ನ ಮಧುಶ್ರೀ ಹಳೆಯ ಹಾರ್ಡ್‌ಡಿಸ್ಕುಗಳನ್ನು ತೆಗೆದು, ವರ್ಷ ವರ್ಷವೇ ಹಿಂದಕ್ಕೆ ಹೋಗಿ ಅವಳು ಹಿಡಿದ ಕೋಣೆಗಳನ್ನೆಲ್ಲ ಹುಡುಕಿದಳು. ಮೂರು ವರ್ಷದ ಹಿಂದೆ, ಎಳಂದೂರಿನ ಒಂದು ಸೀಮಂತದಲ್ಲಿ, ದೀಪದ ಕುಡಿಯನ್ನು ಹತ್ತಿರದಿಂದ ತೆಗೆದ ತುಣುಕೊಂದರಲ್ಲಿ ನಡುಕದ ಮೊದಲ ಗುರುತು ಸಿಕ್ಕಿತು. ಕುಡಿ ಗಾಳಿಗೆ ಬಾಗದೆ ನೆಟ್ಟಗಿತ್ತು. ಆದರೂ ಅದೂ ಹಿಂದಿನ ಗೋಡೆಯೂ ಒಟ್ಟಿಗೆ ಒಂದು ಕೂದಲೆಳೆಯಷ್ಟು ಆಡುತ್ತಿದ್ದವು.

ಶಾಂತಮೂರ್ತಿ ಆಗಲೇ ಅಂಗಡಿಗೆ ಬಂದದ್ದು. ಇಬ್ಬರ ಹಿಂದೆ ನಿಂತು ನೋಡಿ, “ಏನ್ ಹುಡುಕ್ತಿದ್ದೀರಿ?” ಎಂದ.

ಶಿವರತ್ನಮ್ಮ ಎಲ್ಲವನ್ನೂ ಹೇಳಿದಳು. ಡಾಕ್ಟರ ಚೀಟಿ ಕೊಟ್ಟಳು. ಅವನು ಅದನ್ನು ಎರಡು ಸಲ ಓದಿ ಮಡಚಿದ. ಅವನ ಮುಖದಲ್ಲಿ ಗಾಬರಿಯಿತ್ತು, ಅದು ಸುಳ್ಳಲ್ಲ.

“ಇಷ್ಟು ದಿನ ಹೇಳ್ದೆ ಇದ್ಯಲ್ಲ. ಇನ್ ಮೇಲೆ ಮದುವೆ ಗಿದುವೆ ಬೇಡ. ಮನೇಲಿರು. ಒಳಗ್ ಓಗಕ್ಕೆ ಯಾವ್ದಾರ ಹುಡುಗೀನ ನೋಡ್ಕತೀನಿ.”

“ಮನೇಲಿದ್ದು?”

“ರೆಸ್ಟ್ ತಕ.”

“ರೆಸ್ಟು ಯಾರ ಮನೇಲಿ?” ಎಂದಳು ಶಿವರತ್ನಮ್ಮ. ದನಿ ಏರಿರಲಿಲ್ಲ. “ಕುದಿಯೋ ಹಿಟ್ಟಿನ ಪಾತ್ರೆ ಕಾಲಲ್ಲಿ ಅದುಮಿ ಹಿಡ್ದು ತೊಳಸಕ್ಕೆ ಈ ಕೈ ಆಯ್ತದೆ. ಬಿಸಿ ಸಾರು ಇಳಿಸಕ್ಕೆ ಆಯ್ತದೆ. ಹೋದ ತಿಂಗಳು ಚೆಲ್ಲಿ ಪಾದ ಬೊಬ್ಬೆ ಬಂದಿತ್ತು, ನೀವು ನೋಡ್ಲಿಲ್ಲ. ಕ್ಯಾಮೆರಾಕ್ಕೆ ಮಾತ್ರ ಆಗಲ್ಲ ಅಂತೀರಿ.”

ಮಧುಶ್ರೀ ಎದ್ದು ಹೋಗಲೋ ಬೇಡವೋ ಎಂದು ತಿಳಿಯದೆ ಮೌಸಿನ ಮೇಲೆ ಕೈಯಿಟ್ಟು ಕುಳಿತಿದ್ದಳು.

“ಏನ್ ಮಾಡು ಅಂತೀಯ ಮತ್ತೆ?”

“ಸ್ಟ್ಯಾಂಡ್ ಕೊಡಿ. ಮೂರು ಕಾಲಿಂದು. ಎಲ್ಲಿ ನಿಲ್ಲಿಸಬೇಕು, ಏನು ನೋಡಬೇಕು ಅಂತ ನಂಗೊತ್ತು. ಅದು ಇರೋದು ಕೈಯಲ್ಲಲ್ಲ. ಆ ಅಲ್ಲಾಡೋ ಬ್ಯಾನರ್ ಬಿಚ್ಚಿ. ಹಿಟ್ಟು ನೀವು ತೊಳಸಿ.”

ಬಾಗಿಲ ಪರದೆಯ ಆಚೆಯಿಂದ ಸದಾಶಿವಪ್ಪನವರ ದನಿ ಕೇಳಿತು. “ಅವನ್ಗೆ ಹಿಟ್ಟು ತೊಳಸಕ್ಕೆ ಬತ್ತದೇನವ್ವ?”

“ಬರಲ್ಲ ಮಾವ. ಕೆಂಪು ಗುಂಡಿ ಯಾವ್ದು ಅಂತ ನಂಗೂ ಗೊತ್ತಿರಲಿಲ್ಲ.”

ಬ್ಯಾನರು ಅವತ್ತು ಇಳಿಯಲಿಲ್ಲ. ಮೂರನೇ ದಿನ ಇಳಿಯಿತು. ಹಿಟ್ಟಿಗೆ ಮೊದಲ ವಾರವೆಲ್ಲ ಗಂಟು ಕಟ್ಟಿತು. ಸದಾಶಿವಪ್ಪನವರು ಗಂಟುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು ಮಿಕ್ಕದ್ದನ್ನು ಉಂಡರು. ಒಲೆಯ ಸುತ್ತ ಉಕ್ಕಿದ ಹಾಲನ್ನು ಒರೆಸುವುದು ಮಾತ್ರ ಶಾಂತಮೂರ್ತಿಗೆ ಎಷ್ಟು ಹೇಳಿದರೂ ನೆನಪಾಗುತ್ತಿರಲಿಲ್ಲ.

ಮುಂದಿನ ವರ್ಷ ಭವ್ಯಶ್ರೀಯ ಸೀಮಂತ. ಹೊನ್ನೂರಿನ ಆ ಮನೆಯ ಒಳಕೋಣೆಯ ಹೊಸ್ತಿಲವರೆಗೆ ಶಾಂತಮೂರ್ತಿ ಸ್ಟ್ಯಾಂಡು ಹೊತ್ತು ತಂದು, ಅಲ್ಲಿ ನಿಂತ. ಅಲ್ಲಿಂದ ಒಳಕ್ಕೆ ಶಿವರತ್ನಮ್ಮ ಮತ್ತು ಮಧುಶ್ರೀ ಎತ್ತಿಕೊಂಡರು. ಕಿಟಕಿಯ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ಭವ್ಯಶ್ರೀಯನ್ನು ಶಿವರತ್ನಮ್ಮನೇ ಕೂರಿಸಿದಳು. ಮೂರು ಕಾಲು ಅಗಲಿಸಿ, ಎತ್ತರ ನೋಡಿ, ಗುಂಡಿ ಒತ್ತಿ ಹಿಂದೆ ಸರಿದಳು.

“ಈ ಸಲ ಅಲ್ಲಾಡಲ್ವಾ ಆಂಟಿ?” ಎಂದಳು ಭವ್ಯಶ್ರೀ.

“ಇಲ್ಲ ಕಣಮ್ಮಿ.”

ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತ ಶಿವರತ್ನಮ್ಮನನ್ನು ಗೋಡೆಗೊರಗಿದ್ದ ದೊಡ್ಡಮಾದಮ್ಮ ನೋಡಿದರು. “ಏನವ್ವ, ನಿನ್ನ ಮಿಷನ್ನು ತಾನೇ ನಿಂತ್ಕಂಡದಲ್ಲ. ನೀನ್ಯಾಕೆ ಅದಕ್ಕೆ ಕಾವಲು? ನಮ್ಮ ಹಟ್ಟೀಲಿ ಇಷ್ಟು ವರ್ಷ ಶಾಸ್ತ್ರ ನೋಡ್ದೋಳು ಒಂದ್ ದಿನ ಒಂದು ಬಳೆ ತೊಡಿಸಿಲ್ಲ. ಬಾ.”

ಆ ವಿಡಿಯೋವನ್ನು ಎಡಿಟ್ ಮಾಡುವಾಗ ಮಧುಶ್ರೀ ಒಂದು ಕಡೆ ನಿಲ್ಲಿಸಿದಳು. ಚೌಕಟ್ಟಿನ ಎಡಗಡೆಯಿಂದ ಶಿವರತ್ನಮ್ಮ ಬರುತ್ತಾಳೆ, ಭವ್ಯಶ್ರೀಯ ಮುಂದೆ ಕೂರುತ್ತಾಳೆ, ಹಸಿರು ಗಾಜಿನ ಬಳೆಯನ್ನು ಅವಳ ಬೆರಳುಗಳ ಮೇಲೆ ಏರಿಸುತ್ತಾಳೆ. ಸುತ್ತಲಿನದ್ದೆಲ್ಲ ನಿಶ್ಚಲ. ಕೈ ಮಾತ್ರ ನಡುಗುತ್ತದೆ, ಬಳೆ ಬಳೆಗೆ ತಾಗಿ ಕಿಣಿಕಿಣಿ ಎನ್ನುತ್ತದೆ. ಒಂದು ಬಳೆ ತೊಡಿಸುವುದಕ್ಕೆ ನಲವತ್ತು ಸೆಕೆಂಡು. ಯಾರೂ ಆತುರಪಡಿಸುವುದಿಲ್ಲ.

“ಇದನ್ನ ಕಟ್ ಮಾಡ್ಲಾ ಸರ್? ಆ ಸದ್ದಾದ್ರೂ ತೆಗೀಲಾ?”

ಶಾಂತಮೂರ್ತಿ ಕೈಯ ಹಿಟ್ಟನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತ ಬಂದು ಪರದೆಗೆ ಬಗ್ಗಿದ. ತಪ್ಪು ಹುಡುಕುವಾಗ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ಇಡೀ ನಲವತ್ತು ಸೆಕೆಂಡು ನೋಡಿದ. ಮತ್ತೊಮ್ಮೆ ಹಾಕಿಸಿ ನೋಡಿದ.

“ಫೋಕಸ್ಸು ಸರಿಯಾಗೇ ಅದೆ” ಎಂದ. “ಇರಲಿ.”